ತೋಟೆ ಮನೆಯಲ್ಲಿ ತುಂಬೋ ಆಸೆ ಬಿಡಿ: ಬೆಳೆ ಕಾಯೋ ಬಂದೂಕಿನ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಭತ್ತ ಹೊಡೆ ತುಂಬಿ ಬಾಗೋ ಹೊತ್ತು. ಮುಂಡಗೋಡ ಕಡೆ ಗೋವಿನಜೋಳ, ಹಳಿಯಾಳ ಕಡೆ ಕಬ್ಬು, ಜೋಯಿಡಾದ ಕಣಿವೆ ಗದ್ದೆಯಲ್ಲಿ ಭತ್ತ, ಗೆಡ್ಡೆಗೆಣಸು. ದಾಂಡೇಲಿ ಸುತ್ತಲಿನ ಹಳ್ಳಿಗಳದ್ದೂ ಇದೇ ಕಥೆ. ಆರು ತಿಂಗಳ ದುಡಿಮೆ ಕಣ್ಣ ಮುಂದೆ ನಿಂತಿರುತ್ತೆ, ಕತ್ತಲಾದ ಮೇಲೆ ಹಂದಿ ಹಿಂಡು ಬರುತ್ತೆ. ಒಂದೇ ರಾತ್ರಿಯಲ್ಲಿ ಗದ್ದೆಯ ಒಂದು ಮೂಲೆ ನೆಲಸಮ. ತಿಂದಿದ್ದಕ್ಕಿಂತ ತುಳಿದಿದ್ದೇ ಹೆಚ್ಚು.

ಆಗ ಮಾಳದ ಮೇಲೆ ಕೂತ ಹುಡುಗ ಏನು ಮಾಡ್ತಾನೆ? ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಮೊಬೈಲು. ನಿದ್ದೆ ಬರಬಾರದು ಅಂತ ವಿಡಿಯೋ ನೋಡ್ತಾ ಕೂರ್ತಾನೆ. ಹಾಗೆ ನೋಡ್ತಾ ನೋಡ್ತಾ ಒಂದು ವಿಡಿಯೋ ಎದುರಿಗೆ ಬರುತ್ತೆ. ಅಮೆರಿಕದ ಯಾರೋ ಒಬ್ಬರು ತಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು, ಹಾರಿಸಿದ ಖಾಲಿ ತೋಟೆಗೆ ಮತ್ತೆ ಮದ್ದು ತುಂಬಿ ಹೊಸದು ಮಾಡ್ತಾ ಇರ್ತಾರೆ. ಅರ್ಧ ಗಂಟೆಯಲ್ಲಿ ನೂರು ತೋಟೆ ರೆಡಿ. ಖರ್ಚು ಕಡಿಮೆ ಅಂತಲೂ ಹೇಳ್ತಾರೆ.

ಹೋದ ವರ್ಷ ಸುಗ್ಗಿ ಹೊತ್ತಲ್ಲಿ ನಮ್ಮ ಪೈಕಿ ಹುಡುಗನೊಬ್ಬ ಇಂಥದ್ದೇ ವಿಡಿಯೋ ನನಗೆ ಕಳಿಸಿ ಕೇಳಿದ್ದ: "ಕಾಕಾ, ಇದನ್ನ ನಮ್ಮ ಮನ್ಯಾಗ ಮಾಡಾಕ ಬರ್ತೈತೇನ್ರೀ? ಅಂಗಡ್ಯಾಗ ತೋಟಾ ಸಿಗೂದಿಲ್ಲ, ಸಿಕ್ಕರೂ ರೇಟ್ ಭಾಳ."

ಪ್ರಶ್ನೆ ಕೇಳಿದ್ದು ತಪ್ಪಲ್ಲ. ಹಂದಿ ಕಾಟದಿಂದ ಬೇಸತ್ತವನು ಎಲ್ಲಾ ದಾರಿ ಹುಡುಕ್ತಾನೆ. ಆದರೆ ಉತ್ತರ ಒಂದೇ: ಬರೋದಿಲ್ಲ. ಕೈ ಹಾಕಲೇಬೇಡಿ. ಯಾಕೆ ಅಂತ ಈ ವಾರ ಬಿಡಿಸಿ ಹೇಳ್ತೀನಿ. ಬೆಳೆ ರಕ್ಷಣೆ ಬಂದೂಕನ್ನು ಕಾನೂನು ಪ್ರಕಾರ ಇಟ್ಟುಕೊಳ್ಳೋದು ಹೇಗೆ, ಬಂದೂಕಿಲ್ಲದೆ ಬೆಳೆ ಉಳಿಸಿಕೊಳ್ಳೋದು ಹೇಗೆ ಅನ್ನೋದನ್ನೂ ನೋಡೋಣ.

ಆ ವಿಡಿಯೋ ನಮ್ಮ ಊರಿಗೆ ಯಾಕೆ ಹೊಂದೋದಿಲ್ಲ?

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ಮರುತುಂಬೋದು ಹವ್ಯಾಸ. ಅದಕ್ಕೆ ಬೇಕಾದ ಯಂತ್ರ, ಅಳತೆಯ ತಕ್ಕಡಿ, ಮದ್ದು, ಯಾವ ಗುಂಡಿಗೆ ಎಷ್ಟು ಅನ್ನೋ ಕೈಪಿಡಿ ಎಲ್ಲ ಅಂಗಡಿಯಲ್ಲೇ ಸಿಗುತ್ತೆ. ಅಲ್ಲಿನ ಕಾನೂನು ಬೇರೆ, ನಮ್ಮದು ಬೇರೆ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರ 3ನೇ ಕಲಂ ಪ್ರಕಾರ ಬಂದೂಕಾಗಲಿ, ಮದ್ದುಗುಂಡಾಗಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 5ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ: ಬಂದೂಕು, ಮದ್ದುಗುಂಡು ತಯಾರಿಸೋಕೆ, ಮಾರೋಕೆ, ರಿಪೇರಿ ಮಾಡೋಕೆ ಬೇರೆಯದೇ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂದುಕೊಳ್ಳಿ. ಅದು ಬಂದೂಕು ಇಟ್ಟುಕೊಳ್ಳೋಕೆ ಕೊಟ್ಟ ಅನುಮತಿ. ತೋಟೆ ತಯಾರಿಸೋಕೆ ಕೊಟ್ಟ ಅನುಮತಿ ಅಲ್ಲ.

ಇನ್ನೊಂದು ಸಂಗತಿ ತುಂಬ ಜನಕ್ಕೆ ಗೊತ್ತಿರೋದಿಲ್ಲ. ಕಾಯ್ದೆಯಲ್ಲಿ 'ಮದ್ದುಗುಂಡು' ಅಂದರೆ ಪೂರ್ತಿ ತಯಾರಾದ ತೋಟೆ ಮಾತ್ರ ಅಲ್ಲ. ಅದರ ಬಿಡಿ ಭಾಗಗಳು, ಅದನ್ನು ತಯಾರಿಸೋ ಯಂತ್ರ ಕೂಡ ಅದರಲ್ಲೇ ಬರುತ್ತೆ. ಹಾಗಾಗಿ "ನಾನು ಇನ್ನೂ ತುಂಬಿಲ್ಲ ಸರ್, ಸಾಮಾನು ಅಷ್ಟೇ ತರಿಸಿದೀನಿ" ಅನ್ನೋ ಮಾತು ನಿಮ್ಮನ್ನು ಉಳಿಸೋದಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಕೊರಿಯರ್ ಮಾಡ್ತೀವಿ ಅಂದ್ರೆ ಅದನ್ನು ಮೋಸ ಅಂತಲೋ ಬಲೆ ಅಂತಲೋ ತಿಳೀರಿ.

ಶಿಕ್ಷೆ ಎಷ್ಟು? 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಲೈಸೆನ್ಸ್ ಇಲ್ಲದೆ ಬಂದೂಕು ಅಥವಾ ಮದ್ದುಗುಂಡು ತಯಾರಿಸಿದರೆ ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು, ಜೊತೆಗೆ ದಂಡ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ. ನಾಲ್ಕು ಚೀಲ ಭತ್ತ ಉಳಿಸೋಕೆ ಹೋಗಿ ಏಳು ವರ್ಷ ಒಳಗೆ ಕೂತರೆ ಗದ್ದೆ ಉಳೋರು ಯಾರು?

ಇನ್ನು ಪಿಸ್ತೂಲಿನ ಮಾತು. ಕೆಲವರು ಪಿಸ್ತೂಲು, ರಿವಾಲ್ವರ್ ಕಡೆ ಕಣ್ಣು ಹಾಕ್ತಾರೆ. ಬೆಳೆ ರಕ್ಷಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಾನೂನಿನಲ್ಲಿ ಬೆಳೆ ಕಾಯೋಕೆ ಅಂತ ಹೇಳಿರೋದು ಬಾಯಿಯಿಂದ ಮದ್ದು ತುಂಬೋ ಉದ್ದ ನಳಿಗೆಯ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನಯ ನಳಿಗೆಯ ಬಂದೂಕು. ಅಷ್ಟೇ.

"ನಮ್ಮಜ್ಜ ಮನೆಯಲ್ಲೇ ಮದ್ದು ತುಂಬ್ತಿದ್ದರಲ್ಲ?"

ಈ ಪ್ರಶ್ನೆ ಬಂದೇ ಬರುತ್ತೆ. ಅಜ್ಜನ ಕೈಯಲ್ಲಿದ್ದದ್ದು ಕೇಪಿನ ಕೋವಿ. ಒಂಟಿ ನಳಿಗೆ, ಬಾಯಿಯಿಂದ ಮದ್ದು, ಮೇಲೆ ಚರೆ, ಹಿಂದೆ ಕೇಪು. ಆ ಬಂದೂಕನ್ನು ಬಳಸೋದೇ ಹಾಗೆ. ಲೈಸೆನ್ಸ್ ಇರೋ ರೈತ, ಲೈಸೆನ್ಸ್ ಇರೋ ಅಂಗಡಿಯಿಂದ, ತನ್ನ ಪುಸ್ತಕದಲ್ಲಿ ಬರೆದಷ್ಟೇ ಮದ್ದು, ಕೇಪು ತಂದು ತನ್ನ ಕೋವಿಗೆ ಈಡು ತುಂಬೋದು ಬೇರೆ. ಹಿತ್ತಾಳೆ ತೋಟೆಯನ್ನು ಮರುತುಂಬಿ ಹೊಸ ತೋಟೆ ಮಾಡೋದು ಬೇರೆ. ಮದ್ದನ್ನೇ ಮನೆಯಲ್ಲಿ ಅರೆಯೋದಂತೂ ಪೂರ್ತಿ ಬೇರೆ. ಅಲ್ಲಿ 1884ರ ಸ್ಫೋಟಕ ಕಾಯ್ದೆ, 1908ರ ಸ್ಫೋಟಕ ವಸ್ತುಗಳ ಕಾಯ್ದೆ ಎರಡೂ ಬಾಗಿಲು ತಟ್ಟುತ್ತವೆ.

ಕಾನೂನು ಬಿಡಿ, ಜೀವದ ಲೆಕ್ಕ ನೋಡಿ. ನನ್ನ ದೊಡ್ಡಪ್ಪನಿಗೆ ಎಡಗೈಯಲ್ಲಿ ಎರಡೇ ಬೆರಳು. ನಾವು ಚಿಕ್ಕವರಿದ್ದಾಗ ಹೆದರಿ ಕೇಳ್ತಿರಲಿಲ್ಲ. ದೊಡ್ಡವರಾದ ಮೇಲೆ ಗೊತ್ತಾಯ್ತು. ಒಂದು ಮಳೆಗಾಲ ಅಂಗಡಿ ಮದ್ದು ಸಿಗಲಿಲ್ಲ ಅಂತ ದೀಪಾವಳಿ ಪಟಾಕಿ ಬಿಚ್ಚಿ, ಅದರ ಮದ್ದನ್ನು ಡಬ್ಬಿಗೆ ಹಾಕಿ ಕುಟ್ಟಿದ್ದಾರೆ. ಕೋವಿವರೆಗೂ ಹೋಗಲೇ ಇಲ್ಲ. ಜಗಲಿ ಮೇಲೇ ಸಿಡೀತು. ದೊಡ್ಡಮ್ಮ ಈಗಲೂ ಹೇಳ್ತಾರೆ, "ಹಂದಿ ಆ ವರ್ಷನೂ ಬಂತು, ಮುಂದಿನ ವರ್ಷನೂ ಬಂತು. ಬೆರಳು ಮಾತ್ರ ಬರಲಿಲ್ಲ."

ಮನೆಯಲ್ಲಿ ತುಂಬೋ ಕೆಲಸ ಯಾಕೆ ಇಷ್ಟು ಅಪಾಯ ಅಂತ ಸರಳವಾಗಿ ತಿಳ್ಕೊಳ್ಳಿ:

* ಮದ್ದು ಎಲ್ಲಾ ಒಂದೇ ಅಲ್ಲ. ಹಳೆಯ ಕೇಪಿನ ಕೋವಿ ಕರಿಮದ್ದಿಗೆ ಅಂತ ಮಾಡಿದ್ದು. ಈಗಿನ ತೋಟೆಯಲ್ಲಿರೋದು ಹೊಗೆ ಕಡಿಮೆ ಬರೋ ಮದ್ದು. ಅದರ ಒತ್ತಡ ತುಂಬ ಹೆಚ್ಚು. ತೋಟೆ ಬಿಚ್ಚಿ ಆ ಮದ್ದನ್ನು ಹಳೇ ಕೋವಿಗೆ ತುಂಬಿದರೆ ನಳಿಗೆಯೇ ಸೀಳಿ ಹೋಗಬಹುದು. ಸೀಳೋದು ಎಲ್ಲಿ? ನಿಮ್ಮ ಎಡಗೈ ಹಿಡಿದಿರೋ ಜಾಗದಲ್ಲಿ, ಕೆನ್ನೆ ಪಕ್ಕದಲ್ಲಿ.

* ಅಳತೆ ಕಣ್ಣಿಗೆ ಕಾಣೋದಿಲ್ಲ. ಸಾಮಾನ್ಯ ಪಿಸ್ತೂಲು ತೋಟೆಯೊಳಗಿನ ಮದ್ದು ಅರ್ಧ ಗ್ರಾಮಿಗಿಂತ ಕಡಿಮೆ. ಅಡಿಗೆ ಮನೆ ತಕ್ಕಡಿ, ಗೊಬ್ಬರ ಅಂಗಡಿ ತಕ್ಕಡಿ ಅದನ್ನು ಹಿಡಿಯೋದಿಲ್ಲ. ಎಷ್ಟೋ ತೋಟೆಗಳಲ್ಲಿ ತಪ್ಪಿ ಎರಡು ಸಲ ಮದ್ದು ಬಿದ್ದರೂ ಹೊರಗೆ ಚೆಲ್ಲೋದಿಲ್ಲ, ಗೊತ್ತೇ ಆಗೋದಿಲ್ಲ. ಗೊತ್ತಾಗೋದು ಕುದುರೆ ಎಳೆದಾಗ.

* ಕಡಿಮೆ ಆದರೂ ಅಪಾಯ. ಮದ್ದು ಕಡಿಮೆಯಾಗಿ ಗುಂಡು ನಳಿಗೆಯಲ್ಲೇ ಸಿಕ್ಕಿಬಿದ್ದರೆ, ಅದು ತಿಳಿಯದೆ ಮುಂದಿನ ಈಡು ಹಾರಿಸಿದರೆ ನಳಿಗೆ ಒಡೆಯುತ್ತೆ.

* ಪಟಾಕಿ ಮದ್ದು ಬಂದೂಕಿಗೆ ಮಾಡಿದ್ದಲ್ಲ. ಉಜ್ಜಿದರೂ, ಕುಟ್ಟಿದರೂ, ಬಿಸಿಲಿಗೆ ಕಾದರೂ ಹೊತ್ತಿಕೊಳ್ಳಬಹುದು.

* ಸೀಸ ವಿಷ. ಮನೆಯಲ್ಲಿ ಸೀಸ ಕರಗಿಸಿ ಚರೆ ಮಾಡಿದರೆ ಆ ಹೊಗೆ, ಧೂಳು ಮಕ್ಕಳ ಮೈ ಸೇರುತ್ತೆ. ಮಕ್ಕಳ ಬುದ್ಧಿ ಬೆಳವಣಿಗೆಗೆ ಸೀಸ ದೊಡ್ಡ ಶತ್ರು.

ಕಾರ್ಖಾನೆ ತೋಟೆಯ ಬೆಲೆ ಜಾಸ್ತಿ ಅನ್ನಿಸೋದು ನಿಜ. ನಮ್ಮಲ್ಲಿ ಹೆಚ್ಚಾಗಿ ಕಾಣೋ 12 ಬೋರಿನ 'ಶಕ್ತಿಮಾನ್' ತೋಟೆ ಪುಣೆಯ ಖಡ್ಕಿ ಕಾರ್ಖಾನೆಯದ್ದು. ಅಲ್ಲಿ ಅಳತೆಗೆ, ಪರೀಕ್ಷೆಗೆ ಅಂತ ಯಂತ್ರ, ಜನ, ನಿಯಮ ಇದೆ. ನಮ್ಮ ಅಟ್ಟದ ಮೇಲೆ ಅದ್ಯಾವುದೂ ಇಲ್ಲ.

ಲೈಸೆನ್ಸ್ ಇರೋರು, ಬೇಕು ಅನ್ನೋರು ತಿಳಿದಿರಬೇಕಾದ್ದು

ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂನಲ್ಲೇ "ಪ್ರಾಮಾಣಿಕ ಬೆಳೆ ರಕ್ಷಣೆಗಾಗಿ" ಬಾಯಿಯಿಂದ ತುಂಬೋ ಬಂದೂಕಿಗೆ ಲೈಸೆನ್ಸ್ ಕೊಡಬೇಕು ಅನ್ನೋ ಮಾತಿದೆ. ಅಂದರೆ ರೈತನ ಕಷ್ಟ ಕಾನೂನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದಕ್ಕೊಂದು ಕ್ರಮ ಇದೆ.

ವಯಸ್ಸು: 21 ತುಂಬಿರಬೇಕು.

ಅರ್ಜಿ: ನಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡೋ ಅಧಿಕಾರ ಕಾರವಾರದ ಜಿಲ್ಲಾಧಿಕಾರಿಗಳದ್ದು, ಅವರು ಜಿಲ್ಲಾ ದಂಡಾಧಿಕಾರಿಗಳೂ ಹೌದು. ಅರ್ಜಿ ಕೇಂದ್ರ ಗೃಹ ಇಲಾಖೆಯ ಎನ್‌ಡಿಎಎಲ್–ಎಎಲ್‌ಐಎಸ್ ಪೋರ್ಟಲ್‌ನಲ್ಲಿ ಹೋಗುತ್ತೆ. ಪಹಣಿ, ಗುರುತಿನ ಚೀಟಿ, ವಿಳಾಸದ ದಾಖಲೆ, ಫೋಟೋ ಸಿದ್ಧ ಇಟ್ಟುಕೊಳ್ಳಿ. ಪೊಲೀಸ್ ವರದಿ ಬಂದ ಮೇಲೆ ತೀರ್ಮಾನ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಬಂದೂಕಿನ ಸುರಕ್ಷತೆ ತರಬೇತಿಯ ಮಾತೂ ಇದೆ. ಅದನ್ನು ಕಾಟಾಚಾರ ಅಂದುಕೊಳ್ಳಬೇಡಿ, ಮನಸ್ಸಿಟ್ಟು ಕಲೀರಿ.

ಕಾಡಿನ ಅಂಚಿನವರಿಗೆ ಇನ್ನೊಂದು ನಿಯಮ: ಇದು ಜೋಯಿಡಾ, ದಾಂಡೇಲಿಯವರಿಗೆ ಮುಖ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ, ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಈಗಾಗಲೇ ಲೈಸೆನ್ಸ್ ಇರೋರು ಹೆಸರು ನೋಂದಾಯಿಸಬೇಕು. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಮೀಸಲು ಆಯ್ತು, 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರು ಬಂತು. ನಮ್ಮ ಎಷ್ಟೋ ಊರು ಅದರ ಒಳಗೆ ಅಥವಾ ಅಂಚಿನಲ್ಲೇ ಇವೆ. ಅರ್ಜಿ ತಡ ಆದರೆ ಈ ಒಪ್ಪಿಗೆ ಎಲ್ಲಿ ನಿಂತಿದೆ ಅಂತ ಕೇಳಿ ತಿಳ್ಕೊಳ್ಳಿ.

ತಿರಸ್ಕಾರ ಆದರೆ: ಸುಮ್ಮನೆ ಮನೆಗೆ ಬರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಕಾಯ್ದೆಯಲ್ಲಿ ಮೇಲ್ಮನವಿಗೂ ಅವಕಾಶ ಇದೆ.

ನವೀಕರಣ: 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಐದು ವರ್ಷ ಅಂದರೆ ಮರೆತುಹೋಗೋ ಅಷ್ಟು ದೂರ. ಇವತ್ತೇ ಮೊಬೈಲಿನ ಕ್ಯಾಲೆಂಡರ್‌ನಲ್ಲಿ ಮುಗಿಯೋ ದಿನಕ್ಕಿಂತ ಮೂರು ತಿಂಗಳು ಮೊದಲೇ ಅಲಾರಂ ಇಡಿ.

ಅಜ್ಜನ ಬಂದೂಕು: ಇದು ಯುವಕರು ಎಡವೋ ಜಾಗ. ಲೈಸೆನ್ಸ್ ಅಜ್ಜನ ಹೆಸರಲ್ಲಿ. ಅಜ್ಜ ತೀರಿಕೊಂಡರು. ಕೋವಿ ಅಟ್ಟದ ಮೇಲೇ ಉಳೀತು. ಆಸ್ತಿ ಪಾಲಾದ ಹಾಗೆ ಬಂದೂಕು ಪಾಲಾಗೋದಿಲ್ಲ. ಲೈಸೆನ್ಸ್‌ದಾರ ಹೋದ ಮೇಲೆ ಆ ಬಂದೂಕನ್ನು ಪೊಲೀಸ್ ಠಾಣೆಗೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಜಮಾ ಮಾಡಿ ರಸೀದಿ ತಗೊಳ್ಳಬೇಕು. ಆಮೇಲೆ ವಾರಸುದಾರನ ಹೆಸರಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. "ಯಾರು ನೋಡ್ತಾರೆ" ಅಂತ ಇಟ್ಟುಕೊಂಡರೆ ನಾಳೆ ಜಗಳ ಆದ ದಾಯಾದಿಯೇ ಫೋನ್ ಮಾಡ್ತಾನೆ.

ಚುನಾವಣೆ: ಪ್ರತಿ ಚುನಾವಣೆಗೂ ಬಂದೂಕು ಜಮಾ ಮಾಡಿ ಅನ್ನೋ ಆದೇಶ ಬಂದಾಗ ರೈತರಿಗೆ ಸಿಟ್ಟು ಬರೋದು ಸಹಜ, ಅದರಲ್ಲೂ ಬೆಳೆ ನಿಂತಿರೋ ಹೊತ್ತಲ್ಲಿ. ಚುನಾವಣಾ ಆಯೋಗದ ಸೂಚನೆಯಲ್ಲಿ ಯಾರ ಬಂದೂಕು ಜಮಾ ಆಗಬೇಕು ಅಂತ ನೋಡೋಕೆ ಪರಿಶೀಲನಾ ಸಮಿತಿಯ ವ್ಯವಸ್ಥೆ ಇದೆ. ನಿಮ್ಮ ಮೇಲೆ ಕೇಸಿಲ್ಲ, ಬೆಳೆ ಗದ್ದೆಯಲ್ಲಿದೆ ಅಂದರೆ ವಿನಾಯಿತಿಗೆ ಬರಹದಲ್ಲಿ ಮನವಿ ಕೊಡಿ, ಪಹಣಿ ಲಗತ್ತಿಸಿ. ವಿನಾಯಿತಿ ಸಿಗದಿದ್ದರೆ ಜಮಾ ಮಾಡಿ, ರಸೀದಿಯ ಫೋಟೋ ಮೊಬೈಲಿನಲ್ಲಿಡಿ.

ಮದುವೆಯಲ್ಲಿ ಹಾರಿಸೋ ಶೋಕಿ: 2019ರಿಂದ ಸಂಭ್ರಮಕ್ಕೆ ಅಂತ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ರೀಲ್ಸ್ ಮಾಡಿ ಹಾಕಿದರೆ ಸಾಕ್ಷಿ ನೀವೇ ಕೊಟ್ಟ ಹಾಗೆ.

ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಅದು ಅಲ್ಲಿನ ಇತಿಹಾಸಕ್ಕೆ ಸೇರಿದ ವಿಶೇಷ. ಉತ್ತರ ಕನ್ನಡಕ್ಕೆ ಅನ್ವಯ ಆಗೋದಿಲ್ಲ.

ಬಂದೂಕು ಕೈಯಲ್ಲಿದೆ ಅಂದರೆ ಹೊಡೆಯಬಹುದು ಅಂತಲ್ಲ

ಬೆಳೆ ರಕ್ಷಣೆ ಬಂದೂಕು ಬೇಟೆ ಬಂದೂಕಲ್ಲ. ಅದರ ಕೆಲಸ ಸದ್ದು ಮಾಡಿ ಓಡಿಸೋದು. ಈ ಗೆರೆ ದಾಟಿದ ಕೂಡಲೇ ವನ್ಯಜೀವಿ ಕಾಯ್ದೆ ಶುರು.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆನೆ, ಕಾಡುಕೋಣ, ನವಿಲು 1ನೇ ಅನುಸೂಚಿಯಲ್ಲಿವೆ. ಕಾಡುಹಂದಿ ಈಗ 2ನೇ ಅನುಸೂಚಿಯಲ್ಲಿದೆ. ಹಂದಿಯನ್ನು ಕೊಲ್ಲೋದಕ್ಕೆ ಸ್ವಂತ ತೀರ್ಮಾನ ನಡೆಯೋದಿಲ್ಲ. ನಿಂತ ಬೆಳೆಗೆ ಅಪಾಯ ಅಂತ ಕಂಡರೆ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದಲ್ಲಿ ಅನುಮತಿ ಕೊಡಬಹುದು. ಕೇರಳದಲ್ಲಿ 2022ರಲ್ಲಿ ಈ ಅನುಮತಿ ಕೊಡೋ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿದರು. ನಮ್ಮಲ್ಲಿ ಪಂಚಾಯತಿ ಅಧ್ಯಕ್ಷರು ಹೂಂ ಅಂದರೆ ಸಾಕು ಅಂತ ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಬೇಡಿ.

1ನೇ ಅನುಸೂಚಿಯ ಪ್ರಾಣಿ ಹೊಡೆದರೆ, ಅಥವಾ ಅಭಯಾರಣ್ಯದೊಳಗೆ ಬೇಟೆ ಆಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಬಂದೂಕು ಹಿಡಿದು ಕಾಲಿಟ್ಟರೂ ತಪ್ಪೇ. ಗದ್ದೆಯಿಂದ ಓಡಿದ ಹಂದಿಯ ಹಿಂದೆ ಕಾಡಿಗೆ ನುಗ್ಗೋ ಹುಡುಗರು ಇದನ್ನು ನೆನಪಿಡಬೇಕು.

ಆನೆ ಬಂದಾಗಂತೂ ಬಂದೂಕು ಹೊರಗೆ ತೆಗೀಲೇಬೇಡಿ. ಸುಗ್ಗಿ ಹೊತ್ತಿಗೆ ದಾಂಡೇಲಿ ಕಾಡಿನಿಂದ ಹಳಿಯಾಳ, ಮುಂಡಗೋಡ ಕಡೆ ಆನೆ ಇಳಿಯೋದು ನಮಗೆಲ್ಲ ಗೊತ್ತೇ ಇದೆ. ಚರೆ ತಾಗಿದ ಆನೆ ಸಾಯೋದಿಲ್ಲ, ಗಾಯ ಹೊತ್ತು ತಿರುಗುತ್ತೆ. ಮಾರನೇ ರಾತ್ರಿ ಅದರ ಎದುರಿಗೆ ಸಿಗೋನು ನಿಮ್ಮ ಪಕ್ಕದ ಗದ್ದೆಯವನು.

ಸಿಡಿಮದ್ದಿನ ಉಂಡೆ ಇಡೋದು ಇದಕ್ಕಿಂತ ಕೆಟ್ಟದ್ದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಸ್ಫೋಟಕ ಇಟ್ಟಿದ್ದ ಹಣ್ಣು ಕಚ್ಚಿ, ಬಾಯಿ ಛಿದ್ರವಾಗಿ, ನೀರಲ್ಲೇ ನಿಂತು ಸತ್ತದ್ದನ್ನು ದೇಶವೇ ನೋಡಿತು. ಹಂದಿಗೆ ಇಟ್ಟ ಉಂಡೆಯನ್ನು ಮೊದಲು ಮೂಸೋದು ಗೌಳಿಗರ ಎಮ್ಮೆ, ನಮ್ಮ ಕರು, ಮನೆ ನಾಯಿ, ಕೆಲವೊಮ್ಮೆ ಚೆಂಡು ಅಂದುಕೊಂಡು ಎತ್ತಿಕೊಳ್ಳೋ ಮಗು.

ಹಾಗಾದರೆ ಬೆಳೆ ಉಳಿಸೋದು ಹೇಗೆ?

1. ಸೋಲಾರ್ ಬೇಲಿ, ಸರಿಯಾಗಿ ಹಾಕಿದ್ದು. ಸೋಲಾರ್ ಪ್ಯಾನೆಲ್ ಬ್ಯಾಟರಿ ತುಂಬುತ್ತೆ, ಎನರ್ಜೈಸರ್ ಅನ್ನೋ ಪೆಟ್ಟಿಗೆ ತಂತಿಗೆ ಸುಮಾರು ಸೆಕೆಂಡಿಗೊಂದು ಸಲ ಚಿಕ್ಕ ಹೊಡೆತ ಬಿಡುತ್ತೆ. ಜೋರಾಗಿ ಚುರುಕು ಮುಟ್ಟುತ್ತೆ, ಕೊಲ್ಲೋದಿಲ್ಲ. ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಎನರ್ಜೈಸರ್ ಕೇಳಿ. ಹಂದಿಗೆ ಕೆಳಗಿನ ತಂತಿಯೇ ಮುಖ್ಯ, ಮೂತಿ ಮಟ್ಟಕ್ಕೆ, ನೆಲದಿಂದ ಒಂದು ಗೇಣಿನ ಆಸುಪಾಸಿನಲ್ಲಿ ಇರಬೇಕು. ಬೇಲಿ ಕೆಲಸ ಮಾಡ್ತಿಲ್ಲ ಅಂದರೆ ಹೆಚ್ಚಾಗಿ ಎರಡೇ ಕಾರಣ: ಹುಲ್ಲು ಬೆಳೆದು ತಂತಿಗೆ ತಾಗಿದೆ, ಅಥವಾ ಅರ್ಥಿಂಗ್ ಸರಿ ಇಲ್ಲ. ವಾರಕ್ಕೊಮ್ಮೆ ಹುಲ್ಲು ಸವರಿ. ಅರ್ಥಿಂಗ್ ಸರಳು ಒಂದೇ ಸಾಲದು, ಮೂರು ಹಾಕಿಸಿ, ತೇವ ಇರೋ ಜಾಗದಲ್ಲಿ.

ಆನೆ ದಾರಿಯಲ್ಲಿ ಮಾಮೂಲಿ ಬೇಲಿ ನಿಲ್ಲೋದಿಲ್ಲ. ಅಲ್ಲಿ ಅರಣ್ಯ ಇಲಾಖೆ ಹಾಕೋ ತೂಗುಬೇಲಿ, ಅಂದರೆ ಮೇಲಿಂದ ತಂತಿ ಇಳಿಬಿಟ್ಟ ಸೋಲಾರ್ ಬೇಲಿ, ಹೆಚ್ಚು ಉಪಯೋಗ. ಊರಿನವರೆಲ್ಲ ಸೇರಿ ಒಟ್ಟಾಗಿ ಅರ್ಜಿ ಕೊಡಿ.

2. ಕರೆಂಟಿನ ತಂತಿ ಯಾವತ್ತೂ ಬೇಡ. ಕಂಬದಿಂದ ನೇರ ಎಳೆದ ತಂತಿ ಹಂದಿಗಿಂತ ಮೊದಲು ಮನುಷ್ಯನನ್ನು ಕೊಲ್ಲುತ್ತೆ. ಬೆಳಗಿನ ಜಾವ ನೀರು ತಿರುಗಿಸೋಕೆ ಹೋದ ನಿಮ್ಮ ಅಪ್ಪನೇ ಅದನ್ನು ಮುಟ್ಟಬಹುದು.

3. ಸರದಿ ಕಾವಲು. ಒಬ್ಬನೇ ಮಾಳದಲ್ಲಿ ಕೂತರೆ ಹಂದಿ ಪಕ್ಕದ ಗದ್ದೆಗೆ ಹೋಗುತ್ತೆ, ನಾಳೆ ಮತ್ತೆ ನಿಮ್ಮಲ್ಲಿಗೆ ಬರುತ್ತೆ. ಬಯಲಿನ ಎಲ್ಲ ಗದ್ದೆಯವರು ಸೇರಿ ಸರದಿ ಹಾಕಿಕೊಳ್ಳಿ. ವಾಟ್ಸಾಪ್ ಗುಂಪು ಇರೋದು ಗುಡ್ ಮಾರ್ನಿಂಗ್ ಕಳಿಸೋಕೆ ಮಾತ್ರ ಅಲ್ಲ. ಸೆನ್ಸರ್ ದೀಪ, ಸದ್ದಿನ ಯಂತ್ರ ಇಟ್ಟರೆ ಮೂರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿ. ಒಂದೇ ಕಡೆ ಇಟ್ಟರೆ ಹಂದಿಗೆ ಅದು ಅಭ್ಯಾಸ ಆಗಿಬಿಡುತ್ತೆ.

4. ಮೆಣಸಿನ ಹೊಗೆ, ಜೇನುಪೆಟ್ಟಿಗೆ. ಸಗಣಿ ಬೆರಣಿಗೆ ಒಣಮೆಣಸಿನ ಪುಡಿ ಸೇರಿಸಿ ಗಾಳಿ ದಿಕ್ಕು ನೋಡಿ ಹೊಗೆ ಹಾಕಿದರೆ ಆನೆ ಹಿಂಜರಿಯುತ್ತೆ. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಡಗಿನಲ್ಲಿ ಆನೆ ದಾರಿಗೆ ಅಡ್ಡ ಜೇನುಪೆಟ್ಟಿಗೆ ಇಡೋ ಯೋಜನೆ ಶುರು ಮಾಡಿತು. ಜೇನು ಸಾಕೋ ಜೋಯಿಡಾದ ಕುಟುಂಬಗಳು ಚಿಕ್ಕದಾಗಿ ಪ್ರಯತ್ನಿಸಿ ನೋಡಬಹುದು.

5. ಪರಿಹಾರ ಬಿಡಬೇಡಿ. ಬೆಳೆ ಹಾಳಾದ ಬೆಳಿಗ್ಗೆ ಗದ್ದೆ ಸರಿ ಮಾಡೋಕೆ ಮೊದಲು ಫೋಟೋ ತೆಗೀರಿ. ಜಾಗ, ದಿನಾಂಕ ಮೂಡೋ ಹಾಗೆ ಜಿಪಿಎಸ್ ಆನ್ ಇರಲಿ. ಹೆಜ್ಜೆ ಗುರುತು, ತುಳಿದ ಜಾಗ, ಗದ್ದೆಯ ಒಟ್ಟು ನೋಟ, ಮೂರೂ ಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೀರಿ. ಹಳಿಯಾಳ ಸುತ್ತ ಹಳಿಯಾಳ ವಿಭಾಗ, ಮುಂಡಗೋಡದವರಿಗೆ ಯಲ್ಲಾಪುರ ವಿಭಾಗ, ಹುಲಿ ಸಂರಕ್ಷಿತ ಪ್ರದೇಶದ ಊರುಗಳಿಗೆ ದಾಂಡೇಲಿಯ ಕಾಳಿ ಕಚೇರಿ. ನಿಮ್ಮ ಊರು ಯಾವ ವಲಯಕ್ಕೆ ಸೇರುತ್ತೆ ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ, ಹಂದಿ ಬಂದ ಮೇಲೆ ಹುಡುಕಬೇಡಿ.

6. ಬೆಳೆ ವಿಮೆ. ಕಾಡುಪ್ರಾಣಿ ಹಾನಿಯನ್ನು ಫಸಲ್ ಬಿಮಾ ಯೋಜನೆಯಲ್ಲಿ 2026ರ ಮುಂಗಾರಿನಿಂದ ಸೇರಿಸೋದಾಗಿ ಕೇಂದ್ರ ಸರಕಾರ 2025ರ ನವೆಂಬರ್‌ನಲ್ಲಿ ಹೇಳಿದೆ. ಯಾವ ಪ್ರಾಣಿ, ಯಾವ ಜಾಗ ಅಂತ ರಾಜ್ಯ ಸರಕಾರ ಅಧಿಸೂಚನೆ ಮಾಡಬೇಕು. ಹಾನಿಯಾದ 72 ಗಂಟೆಯೊಳಗೆ ಆ್ಯಪ್‌ನಲ್ಲಿ ಫೋಟೋ ಸಮೇತ ತಿಳಿಸಬೇಕು. ವಿಮೆ ಕಟ್ಟುವಾಗ ರೈತ ಸಂಪರ್ಕ ಕೇಂದ್ರದಲ್ಲಿ "ಕಾಡುಪ್ರಾಣಿ ಹಾನಿ ನಮ್ಮ ಬೆಳೆಗೆ ಸೇರಿದೆಯಾ?" ಅಂತ ಬಾಯಿಬಿಟ್ಟು ಕೇಳಿ.

ಲೈಸೆನ್ಸ್ ಕೋವಿ ಮನೆಯಲ್ಲಿದ್ದರೆ: ಏಳು ನಿಯಮ

1. ಕೋವಿ ಯಾವಾಗಲೂ ತುಂಬಿದೆ ಅಂತಲೇ ತಿಳಿದು ಹಿಡೀರಿ. ಬಾಯಿ ಯಾರ ಕಡೆಗೂ ಬೇಡ.
2. ತುಂಬಿದ ಕೋವಿ ಮನೆಯೊಳಗೆ ತರಬೇಡಿ. ಮಾಳದಿಂದ ಇಳಿಯೋಕೆ ಮೊದಲೇ ಕೇಪು ತೆಗೀರಿ.
3. ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ, ಕೋವಿ ಬೇರೆ ಕಡೆ. ಮೂರಕ್ಕೂ ಬೀಗ. ಒಲೆ, ದೇವರ ದೀಪ, ಬೀಡಿ ಸಿಗರೇಟಿನಿಂದ ದೂರ.
4. ಈಡು ಹಾರದಿದ್ದರೆ ಕೂಡಲೇ ಬಾಯಿಗೆ ಕಣ್ಣಿಟ್ಟು ನೋಡಬೇಡಿ. ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತಡವಾಗಿ ಹಾರೋ ಸಾಧ್ಯತೆ ಇರುತ್ತೆ.
5. ಕತ್ತಲಲ್ಲಿ ಸದ್ದು ಬಂದ ಕಡೆಗೆ ಹಾರಿಸಬೇಡಿ. ಆ ಸದ್ದು ಹಂದಿಯದ್ದಲ್ಲ, ಮನುಷ್ಯನದ್ದೂ ಆಗಿರಬಹುದು.
6. ಕುಡಿದು ಕೋವಿ ಮುಟ್ಟಬೇಡಿ. ಇದರಲ್ಲಿ ಚರ್ಚೆಯೇ ಇಲ್ಲ.
7. ತುಕ್ಕು ಹಿಡಿದ, ನಳಿಗೆ ಸಡಿಲಾದ ಕೋವಿಯನ್ನು ಲೈಸೆನ್ಸ್ ಇರೋ ರಿಪೇರಿಯವರಿಗೆ ತೋರಿಸಿ. ಊರ ಕಮ್ಮಾರನ ಹತ್ತಿರ ಬೆಸುಗೆ ಹಾಕಿಸಬೇಡಿ.

ಮೊಬೈಲಿನಲ್ಲಿ ಎರಡು ನಂಬರ್ ಉಳಿಸಿಕೊಳ್ಳಿ: ಅರಣ್ಯ ಇಲಾಖೆ ಸಹಾಯವಾಣಿ 1926, ತುರ್ತಿಗೆ 112.

ಕೊನೆಯ ಮಾತು

ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಚಿಕ್ಕದು: "ತಮ್ಮಾ, ತೋಟಾ ತುಂಬೂದು ಬ್ಯಾಡ. ಆ ರೊಕ್ಕದಾಗ ತಂತಿ ತಗೋ." ಅವನು ಸಿಟ್ಟಾದ, ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವನೂ ಅಕ್ಕಪಕ್ಕದ ಮೂವರೂ ಸೇರಿ ಬೇಲಿ ಹಾಕಿದರು. ಹಂದಿ ಪೂರ್ತಿ ನಿಂತಿತು ಅಂತ ಸುಳ್ಳು ಹೇಳೋದಿಲ್ಲ. ಹುಲ್ಲು ಸವರೋದು ಮರೆತ ವಾರ ಒಂದು ಸಲ ಒಳಗೆ ಬಂದಿತ್ತು. ಆದರೆ ಸುಗ್ಗಿ ಮನೆಗೆ ಬಂತು. ಹತ್ತು ಬೆರಳೂ ಇವೆ, ಮೇಲೆ ಕೇಸೂ ಇಲ್ಲ.

ನಿಮ್ಮ ಅಟ್ಟದ ಮೇಲೆ ಅಜ್ಜನ ಕೋವಿ ಇದ್ದರೆ, ಈ ವಾರ ಬೇರೆ ಏನೂ ಮಾಡದಿದ್ದರೂ ಒಂದು ಕೆಲಸ ಮಾಡಿ. ಅದರ ಲೈಸೆನ್ಸ್ ಪುಸ್ತಕ ಹುಡುಕಿ, ಯಾರ ಹೆಸರಲ್ಲಿದೆ, ಯಾವ ದಿನದವರೆಗೆ ಇದೆ ಅಂತ ನೋಡಿ. ಅವಧಿ ಮುಗಿದಿದ್ದರೆ, ಹೆಸರಿನವರು ಇಲ್ಲದಿದ್ದರೆ, ಸೋಮವಾರವೇ ಮನೆ ಹಿರಿಯರ ಜೊತೆ ಠಾಣೆಗೆ ಹೋಗಿ ವಿಚಾರಿಸಿ. ನೀವಾಗಿ ಹೋಗಿ ಜಮಾ ಮಾಡಿದವರ ಮಾತಿಗೂ, ಹುಡುಕಿ ಬಂದಾಗ ಸಿಕ್ಕವರ ಮಾತಿಗೂ ತುಂಬ ವ್ಯತ್ಯಾಸ ಇದೆ.